ಚಂದ್ರನಿಗೆ ಹೋಗುವ ಕೈಯ ಅಳತೆ

ಅಣ್ಣಾ,

ಅಂಚೆಯವರೂ ಓದಲಿ ಎಂದೇ ಕವರ್ ಬಿಟ್ಟು ಕಾರ್ಡ್ ಬರೆಯುತ್ತಿದ್ದೇನೆ. ಇಲ್ಲಿ ಚಂದ್ರನ ಮೇಲೆ ಕಲ್ಲು ಹೆಕ್ಕುವ ರೋಬೋಟ್ ಕೈಗೆ ನಾನು ಬೆಳ್ಳಿಬಣ್ಣದ ಹೊದಿಕೆ ಹೊಲಿಯುತ್ತೇನೆ. ನಿನ್ನೆ ತೊಡಿಸಿದರೆ ಮೊಣಕೈ ಬಗ್ಗಲೇ ಇಲ್ಲ. ಕೈ ನೇರ ಚಾಚಿಸಿ ಅಳತೆ ತೆಗೆದಿದ್ದರು! ಮಡಚಿಸಿ ತೆಗೆಯಬೇಕಿತ್ತು ಎಂದೆ. "ನಕ್ಷೆಯಲ್ಲಿ ಇರೋ ಹಾಗೆ ಹೊಲೀರಿ, ಸಾಕು" ಎಂದರು ಎಂಜಿನಿಯರ್. ಅವರೆದುರೇ ಹೊಲಿಗೆ ಬಿಚ್ಚಿ ಮೊಣಕೈಗೆ ಮೂರು ನೆರಿಗೆ ಕೊಟ್ಟೆ. ಕೈ ಸಲೀಸಾಗಿ ಮಡಚಿತು. ಈಗ ನಕ್ಷೆಯನ್ನೇ ತಿದ್ದುತ್ತಿದ್ದಾರೆ.

ಆರೋಗ್ಯವಾಗಿದ್ದೇನೆ, ಕಣ್ಣು ಮಾತ್ರ ಉರಿಯುತ್ತದೆ.

"ಗುಂಡಿ ಹೊಲಿಯೋಳಿಗೆ ಬೋರ್ಡ್‌ನಲ್ಲಿ ಹೆಸರು ಬೇರೆ ಕೇಡು" ಎಂದಿದ್ದೆಯಲ್ಲ? ನಮ್ಮ ಹೊಲಿಗೆ ಅಂಗಡಿಯ ಬೋರ್ಡ್‌ನಲ್ಲಿ ನನ್ನ ಹೆಸರೂ ಬರೆಸು. ಜಾಗ ಸಾಲದಿದ್ದರೆ ನಿನ್ನದನ್ನು ಚಿಕ್ಕದು ಮಾಡಿಸು.

ನಿನ್ನ ತಂಗಿ