ಟ್ರಂಕು ಹೊತ್ತವನು ಹೊರಟನೋ, ಬಂದನೋ

ಶಹಾಬಾದ
ಶನಿವಾರ, ೧೪ ಜನವರಿ ೧೯೮೪

ಪ್ರೀತಿಯ ಬಂದೇಅಲಿ ಸಾಹೇಬರಿಗೆ ಸಲಾಂ. ಹೆಸರು ಬರೆದೆನೆಂದು ನಗಬೇಡಿರಿ. ಕಾಗದದ ಮೇಲೆ 'ಏನ್ರಿ' ಎಂದು ಕರೆದರೆ ಸೌದಿಯ ಆ ದಮ್ಮಾಮಿನಲ್ಲಿ ಎಷ್ಟು ಜನ ತಿರುಗಿ ನೋಡುತ್ತಾರೋ! ನಿಮ್ಮ ಬೆನ್ನುನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಹಾಕಿಕೊಂಡಿರಾ? ನಾನು ಆರಾಮ. ನಿಮ್ಮ ಅಮ್ಮನಿಗೆ ಕೆಮ್ಮು ಕಡಿಮೆಯಾಗಿದೆ, ಎಲೆಅಡಿಕೆ ಕಡಿಮೆಯಾಗಿಲ್ಲ.

ನಿಮ್ಮ ಡಿಸೆಂಬರ್ ೨೬ರ ಪತ್ರ ಸೋಮವಾರ ಮುಟ್ಟಿತು. ಮಾರ್ಚಿಗೆ ಕರಾರು ಮುಗಿಯುತ್ತದೆ, ಇನ್ನೆರಡು ವರ್ಷಕ್ಕೆ ಸಹಿ ಹಾಕಲೇ ಎಂದು ಕೇಳಿದ್ದೀರಿ. ಅಮ್ಮನಿಗೆ ಪತ್ರ ಓದಿ ಹೇಳುವಾಗ ಆ ಒಂದು ಸಾಲು ಬಿಟ್ಟೆ. ಮಾರ್ಚಿನಲ್ಲಿ ನೀವು ಬರುತ್ತೀರೆಂದು ಅವರು ಓಣಿಗೆಲ್ಲ ಹೇಳಿಯಾಗಿದೆ. ನಿಮಗೆ ಏನು ಉತ್ತರ ಬರೆಯಬೇಕೋ ತಿಳಿಯದೆ ಐದು ದಿನ ಕಳೆದೆ. ಅದರ ನಡುವೆ ಇನ್ನೊಂದು ಗೊಂದಲ ಬಂದು ಕೂತಿದೆ.

ನಮ್ಮ ಶಾಲೆಯ ಕಾಶಪ್ಪ ಮಾಸ್ತರರು ಚಿತ್ರಸಂಘದ ಕಾರ್ಯದರ್ಶಿ ಎಂಬುದು ನಿಮಗೆ ಗೊತ್ತು. ಫೆಬ್ರುವರಿಯಲ್ಲಿ ಮೂರು ದಿನದ ಚಿತ್ರೋತ್ಸವ ಮಾಡುತ್ತಿದ್ದಾರೆ. ಒಂದು ದಿನ ಪೂರ್ತಿ ಒಂಟಿತನದ ಬಗ್ಗೆ, ಅದೂ ಕೈಯಿಂದ ಚಿತ್ರ ಬಿಡಿಸಿ ಓಡಿಸಿದ ಸಿನಿಮಾಗಳು. 'ಗೊಂಬಿ ಸಿನಿಮಾ ಅಂದ್ರ ಟೀಚರಮ್ಮಗ ಕೊಡ್ರಿ' ಎಂದು ಸಂಘದವರು ಆಯ್ಕೆಯನ್ನು ನನ್ನ ತಲೆಗೆ ಕಟ್ಟಿದರು. ಮುಂಬಯಿಯಿಂದ ರೈಲ್ವೆ ಪಾರ್ಸಲಿನಲ್ಲಿ ಹನ್ನೊಂದು ಡಬ್ಬಿ ಬಂದವು. ಐದನ್ನು ಆರಿಸಬೇಕು. ನಾಲ್ಕು ಸುಲಭವಾಗಿ ಸಿಕ್ಕವು. ಐದನೆಯದು ಆರು ನಿಮಿಷದ್ದು. ಬಿಳಿ ಬಯಲಿನಲ್ಲಿ ಒಂದೇ ಗೆರೆ, ಅದರ ಮೇಲೆ ಒಬ್ಬ ಮನುಷ್ಯ ಟ್ರಂಕು ಹೊತ್ತು ಎಡದಿಂದ ಬಲಕ್ಕೆ ನಡೆಯುತ್ತಾನೆ. ಮನೆಯಿಲ್ಲ, ಸ್ಟೇಷನ್ನಿಲ್ಲ, ಮಾತಿಲ್ಲ. 'ಮನೆ ಬಿಟ್ಟು ಹೊರಟವನು' ಎಂದು ಟಿಪ್ಪಣಿ ಬರೆದುಕೊಂಡೆ.

ಗುರುವಾರ ಎಲ್ಲರಿಗೂ ಒಮ್ಮೆ ತೋರಿಸಿ ನೋಡಿದೆವು. ಇಲ್ಲಿಯ ವಾಡಿಕೆಯಂತೆ ಗಂಡಸರು ಪರದೆಯ ಮುಂದೆ, ನಾವು ಹೆಂಗಸರು ಹಿಂದೆ. ಹಿಂದಿನಿಂದ ಎಲ್ಲ ಉಲ್ಟಾ ಕಾಣುತ್ತದಲ್ಲ, ಆ ಮನುಷ್ಯ ಬಲದಿಂದ ಎಡಕ್ಕೆ ನಡೆದ. ಅಮ್ಮ ನನ್ನ ಮೊಣಕೈ ತಿವಿದು, 'ನೋಡಽ, ಊರಿಗಿ ಬರಲಿಕತ್ತಾನ' ಅಂದರು. ಇದು ಪರದೆಯ ತಪ್ಪೆಂದು ತಿಳಿದು, ನಿನ್ನೆ ಕಾಶಪ್ಪನವರು, ಪ್ರೊಜೆಕ್ಟರ್ ನಡೆಸುವವನು ಬಿಟ್ಟು ಬೇರೆ ಗಂಡಸರಿಲ್ಲದಾಗ ಅಮ್ಮನನ್ನು ಮುಂದೆ ಕೂರಿಸಿ ಮತ್ತೆ ಹಾಕಿಸಿದೆ. ಆಗಲೂ ಅದೇ ಮಾತು. ಹೇಗೆ ಹೇಳುತ್ತೀರಿ ಎಂದರೆ, 'ಟ್ರಂಕು ಎಷ್ಟು ಭಾರ ಅದ ನೋಡು, ಹೆಗಲ ಜಗ್ಗಲಿಕತ್ತದ. ಹೋಗೋವ್ರು ಎರಡು ಲುಂಗಿ ಒಯ್ತಾರ. ತುಂಬಿದ ಟ್ರಂಕು ಬರೋವ್ರದಽ ಇರ್ತದ' ಅಂದರು. ಪ್ರೊಜೆಕ್ಟರಿನ ಸೂಗಪ್ಪ, 'ಇಲ್ರಿ ಅಮ್ಮಾ, ವರ್ಗ ಆದ ಮಾಸ್ತರ ಇದ್ದಾನ, ಟ್ರಂಕಿನ ತುಂಬ ಪುಸ್ತಕ' ಎಂದು ನಗಿಸಿದ. ಕಾಶಪ್ಪನವರು ಮಾತ್ರ ನಗಲಿಲ್ಲ. 'ಅಮ್ಮ ಹೇಳಿದ್ದು ಖರೆ ಇದ್ರ ಇದು ಒಂಟಿತನದ ಸಿನಿಮಾನೇ ಅಲ್ಲ. ಪಟ್ಟಿಯಿಂದ ತಗೀರಿ' ಅಂದರು.

ಇವತ್ತು ಸಂಜೆ ಪಟ್ಟಿ ಪ್ರೆಸ್ಸಿಗೆ ಹೋಗಬೇಕು. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಕೇಳಿದ್ದಾರೆ. ನಾಲ್ಕು ಬರೆದಿದ್ದೇನೆ, ಐದನೆಯದು ಖಾಲಿ. ಟ್ರಂಕಿನ ಲೆಕ್ಕ ನೋಡಿದರೆ ಅಮ್ಮನದೇ ಸರಿ ಅನಿಸುತ್ತದೆ. ಅವನ ಬೆನ್ನು ನೋಡಿದರೆ ಹಾಗೆ ಅನಿಸುವುದಿಲ್ಲ. ಒಂದು ಮಾತು ಮಾತ್ರ ಕೊರೆಯುತ್ತಿದೆ: ಅಮ್ಮನಿಗೆ ನಾನು ಅರ್ಧ ಪತ್ರ ಓದಿದ್ದೇನೆ. ಅಷ್ಟೇ ಕೇಳಿದವರು ಬರುತ್ತಾನೆ ಅನ್ನದೆ ಇನ್ನೇನು ಅಂದಾರು?

ಓಣಿಯವರೆಲ್ಲ ನಿಮ್ಮನ್ನು ಕೇಳಿದರು. ಕಾಶಪ್ಪನವರ ಶರಣು, ಅಮ್ಮನ ದುವಾ. ಬಿಸಿಲಿನಲ್ಲಿ ತಲೆಗೆ ರುಮಾಲು ಕಟ್ಟಿಕೊಳ್ಳಿರಿ.

ನಿಮ್ಮ
ನಜಮುನ್ನೀಸಾ

ತಾ.ಕ.: ಟಪಾಲು ಹೊರಡಲು ಅರ್ಧ ತಾಸಿದೆ. ಬಿಟ್ಟಿದ್ದ ಸಾಲನ್ನು ಅಮ್ಮನಿಗೆ ಈಗಷ್ಟೇ ಓದಿ ಹೇಳಿದೆ. 'ಎರಡು ವರ್ಷಕ್ಕ ನನಗ ಎಪ್ಪತ್ತೆರಡಾಗ್ತಾವ. ಯಾರನ್ನ ನೋಡಲಿಕ್ಕ ಬರ್ತಿ ಅಂತ ಕೇಳಿ ಬರಿ' ಅಂದರು. ಬರೆದಿದ್ದೇನೆ. ಸಹಿ ಹಾಕಬೇಡಿರಿ.