ನಮ್ಮ ಗ್ರಹದಲ್ಲಿ ನಾಲ್ವರು

ಮೇನೂತ್, ಐರ್ಲೆಂಡ್

ಪ್ರೀತಿಯ ಸುಕೇಶಣ್ಣ,

ಶನಿವಾರ ವಾಟರ್‌ಫರ್ಡ್ ಕಡಲಂಚಿನ ಜ್ವಾಲಾಮುಖಿ ಬಂಡೆಗಳ ಮೇಲೆ ಸಿನಿಮಾ ಶೂಟಿಂಗ್ ಇತ್ತು. ಪರಗ್ರಹಕ್ಕೆ ಬಂದಿಳಿಯುವ ಗುಂಪಿನಲ್ಲಿ ನಾನೂ ಒಬ್ಬಳು. “ಹಿಂದೆಂದೂ ಕಾಣದ್ದನ್ನು ಕಂಡಂತೆ ನೋಡಿ” ಎಂದರು ನಿರ್ದೇಶಕಿ. ಹೇಗೆ ನೋಡಲಿ? ಅಪ್ಪ ಮಲ್ಪೆಯಿಂದ ದೋಣಿಯಲ್ಲಿ ಕರೆದೊಯ್ಯುತ್ತಿದ್ದ ದ್ವೀಪದ ಕಂಬಗಲ್ಲುಗಳೇ ಎದುರಿಗಿದ್ದವು. ಮೂರು ಟೇಕ್‌ನಲ್ಲೂ ಪರಿಚಯದವರನ್ನು ಕಂಡಂತೆ ನಕ್ಕುಬಿಟ್ಟೆ. “ಯೂ ಆರ್ ಗ್ರ್ಯಾಂಡ್” ಎಂದು ಹಿಂದಿನ ಸಾಲಿಗೆ ಕಳಿಸಿದರು; ಇಲ್ಲಿನವರ ಬಾಯಲ್ಲಿ ಅದಕ್ಕೆ ‘ಪರವಾಗಿಲ್ಲ ಬಿಡು’ ಎಂದಷ್ಟೇ ಅರ್ಥ.

ಮೂರನೇ ಕ್ಲಾಸಿನಲ್ಲಿ ನಾನು ‘ನಮ್ಮ ಗ್ರಹದಲ್ಲಿ ನಾಲ್ವರು’ ಎಂದು ಬರೆದಾಗ, “ಅದು ಗೃಹ ಮಾರಾಯ್ತಿ” ಎಂದು ವಾರವಿಡೀ ನಕ್ಕಿದ್ದೆಯಲ್ಲ? ಆ ತಪ್ಪು ನನ್ನನ್ನಿನ್ನೂ ಬಿಟ್ಟಿಲ್ಲ.

ಅಪ್ಪ ಹೋದ ಮೇಲೆ ಸುಮ್ಮನೆ ನಿಂತಿರುವ ದೋಣಿಯನ್ನು ಮಾರುತ್ತೀಯಂತೆ. ಡಿಸೆಂಬರ್‌ವರೆಗೆ ತಡಿ, ಬರುತ್ತೇನೆ. ಅಮ್ಮನನ್ನೂ ಕೂರಿಸಿಕೊಂಡು ದ್ವೀಪಕ್ಕೆ ಹೋಗಿಬರೋಣ. ಅಪ್ಪನ ಜಾಗದಲ್ಲಿ ಬೇರೆಯವರು ಕೂರುವ ಮೊದಲು ಒಮ್ಮೆ ನೀನು ಕೂರು.

ನಿನ್ನ ಉಪಗ್ರಹ,
ಹರ್ಷಲಾ