ಹದಿನೆಂಟು ಅಡಿಯ ಗಲ್ಲಿ

ಮಾರ್ಚ್ ೩, ಸೋಮವಾರ

ಪ್ರೀತಿಯ ತಮ್ಮನಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯ ಎಂಬುದನ್ನು ನೀನು ಕಾಗದ ಬರೆಯದೆ ಇರುವುದರಿಂದಲೇ ತಿಳಿದುಕೊಳ್ಳಬೇಕಾಗಿದೆ. ಹಾಗೆಂದು ನಾನೇನು ಕಡಿಮೆ? ನಿನಗೆ ಬರೆದು ನಾಲ್ಕು ತಿಂಗಳಾಯಿತು. ಶಾಲೆಯ ಸಮವಸ್ತ್ರದ ಕೆಲಸ ಬಂದಿತ್ತು. ನೂರಾ ಎಂಬತ್ತು ಅಂಗಿಗೆ ಗುಂಡಿ ಹಚ್ಚಿ ಬೆರಳೆಲ್ಲ ಜರಡಿಯಾಗಿದೆ. ಫೋನು ಮಾಡೋಣವೆಂದರೆ ನೀನು ‘ಹೂಂ’ ಬಿಟ್ಟು ಎರಡನೆಯ ಅಕ್ಷರ ಆಡುವುದಿಲ್ಲ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು.

ನಿನ್ನ ಭಾವ ಕ್ಷೇಮ. ನೀರಿನ ಪಂಪ್‌ಹೌಸಿನ ಸದ್ದಿನಲ್ಲಿ ಇದ್ದು ಇದ್ದು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಉಪ್ಪು ಕೇಳಿದರೂ ಜಗಳ ತೆಗೆದಂತಿರುತ್ತದೆ. ನಿನ್ನ ಬೈಂಡಿಂಗ್ ಕೆಲಸ ಹೇಗಿದೆ? ಪುಸ್ತಕ ಹೊಲಿಯುವವನಾಗಿ ನೀನೂ ಈಗ ಸೂಜಿ ದಾರದವನೇ ಆದೆ ಎಂದು ಮೊನ್ನೆ ಭಾವ ನಗುತ್ತಿದ್ದರು.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ಬೀಗ ಹಾಕಿದ ಸೋಪಿನ ಕಾರ್ಖಾನೆ ಇದೆಯಲ್ಲ, ಅದನ್ನು ಕೆಡವಿ ಅಲ್ಲಿ ನಾಲ್ಕು ಮಹಡಿಯ ದೊಡ್ಡ ಅಂಗಡಿ ಕಟ್ಟುತ್ತಾರಂತೆ. ‘ಸೂಜಿಯಿಂದ ಸೋಫಾದವರೆಗೆ’ ಎಂದು ಫಲಕ ನೆಟ್ಟಿದ್ದಾರೆ. ಫಲಕ ಎದ್ದ ದಿನವೇ ಬೀದಿ ಎರಡು ಹೋಳಾಯಿತು. ನಮ್ಮ ಪಕ್ಕದ ಕ್ಷೌರದಂಗಡಿಯ ‘ರೇಡಿಯೋ’ ಗೊತ್ತಲ್ಲ, ಕತ್ತರಿ ನಿಂತರೂ ಬಾಯಿ ನಿಲ್ಲದವನು, ಅವತ್ತೇ ಓಡಿ ಬಂದ.

“ಅಕ್ಕಾ, ಅಲ್ಲಿ ಎಸಿ ಹಾಕಿ ಕಟಿಂಗ್ ಶಾಪೂ ಇಡ್ತಾರಂತೆ. ನನ್ನ ತಲೆ ನಾನೇ ಬೋಳಿಸ್ಕೊಂಡು ಕೂತ್ಕೋಬೇಕು ಇನ್ನು!”

ಹಿಂದೆಯೇ ಬಂದ ಅವನ ಹೆಂಡತಿ, “ನೀವು ಸುಮ್ನಿರಿ. ನಮ್ಮ ಹುಡುಗಿಗೆ ಅಲ್ಲೊಂದು ಕೆಲಸ ಸಿಕ್ಕಿದ್ರೆ ನಿಮ್ಮ ಕಟಿಂಗ್ ಯಾರಿಗೆ ಬೇಕು?” ಎಂದಳು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು.

ನಿಜ ಹೇಳಬೇಕೆಂದರೆ ನನಗೆ ಆ ಅಂಗಡಿಯ ಮೇಲೆ ಹಗೆಯಿಲ್ಲ ಕಣೋ. ಒಂದು ಉಂಡೆ ದಾರಕ್ಕೆ ಮೂರು ಬೀದಿ ದಾಟುವವಳು ನಾನು. ಅದು ಬಂದರೆ ಮೊದಲು ಒಳಗೆ ಕಾಲಿಡುವವರಲ್ಲಿ ನಾನೂ ಒಬ್ಬಳು. ಆದರೆ ಶಾಲೆಯ ದೊಡ್ಡ ಟೀಚರ್ ನಗರಸಭೆಯಿಂದ ನಕ್ಷೆಯ ಪ್ರತಿ ತಂದು ನನ್ನ ಕತ್ತರಿಸುವ ಮೇಜಿನ ಮೇಲೆ ಹರಡಿದರು. ಗಿರಾಕಿಗಳ ಕಾರಿಗೆ ಮುಖ್ಯರಸ್ತೆಯ ಕಡೆ ಚಂದದ ಬಾಗಿಲು. ಸಾಮಾನು ತರುವ ಲಾರಿಗಳಿಗೆ ಹಿಂದಿನ ಗೇಟು. ಆ ಗೇಟು ತೆರೆಯುವುದು ಶಾಲೆಯ ಗಲ್ಲಿಗೆ. ದಿನಕ್ಕೆ ಇಪ್ಪತ್ತೆರಡು ಲಾರಿ.

ಅದಕ್ಕೇ ನಿನ್ನನ್ನು ಕೇಳಬೇಕಾಯಿತು. ನಲವತ್ತು ಅಡಿಯ ಲಾರಿ ನಮ್ಮ ಬೀದಿಯಿಂದ ಆ ಗಲ್ಲಿಗೆ ತಿರುಗಲು ಎಷ್ಟು ಜಾಗ ಬೇಕು? ನೀನು ಸ್ಟಿಯರಿಂಗ್ ಬಿಟ್ಟು ಆರು ವರ್ಷವಾಯಿತು, ಆ ಮಾತು ಎತ್ತಬಾರದೆಂದು ನಮ್ಮಿಬ್ಬರ ನಡುವೆ ಹೇಳದೆಯೇ ಆದ ಒಪ್ಪಂದವಿದೆ, ಎಲ್ಲ ಗೊತ್ತು. ಆದರೂ ಹದಿನಾರು ವರ್ಷ ಲಾರಿ ಓಡಿಸಿದವನು ನೀನು. ನಾನು ಬಲ್ಲ ಚಕ್ರ ಹೊಲಿಗೆ ಯಂತ್ರದ್ದೊಂದೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಕ್ಕ

ಮಾರ್ಚ್ ೨೧, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಕಾರ್ಡು ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಈ ಹತ್ತು ದಿನವೂ ನಿನ್ನ ಕಾರ್ಡಿನ ಕೆಲಸವನ್ನೇ ಮಾಡಿದ್ದೇನೆ. ‘ಅಕ್ಕ’ ಎಂಬ ಒಂದು ಪದವೂ ಇಲ್ಲದ ಮೂರು ಸಾಲು! ‘ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರಲ್ಲ, ಒಳಗೆ ಎಳೆಯುತ್ತೆ. ಇಪ್ಪತ್ತು ಅಡಿಗಿಂತ ಕಡಿಮೆ ಗಲ್ಲಿಯಾದರೆ ಒಂದೇ ಸಲಕ್ಕೆ ಆಗಲ್ಲ, ರಿವರ್ಸ್ ಬೇಕು. ರಿವರ್ಸಲ್ಲಿ ಹಿಂದೆ ಏನೂ ಕಾಣಲ್ಲ.’ ಕೊನೆಯ ಸಾಲನ್ನು ಎಷ್ಟು ಒತ್ತಿ ಬರೆದಿದ್ದೀಯ ಎಂದರೆ, ಕಾರ್ಡನ್ನು ತಿರುಗಿಸಿ ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತದೆ.

ಮಾರನೆಯ ಬೆಳಿಗ್ಗೆ ನನ್ನ ಟೇಪು ಹಿಡಿದು ಗಲ್ಲಿಗೆ ಹೋದೆ. ಅದು ಐದಡಿಯ ಟೇಪು. ಮಂಡಿಯೂರಿ ಸೀಮೆಸುಣ್ಣದ ಗುರುತು ಹಾಕುತ್ತಾ ಅಳೆಯುತ್ತಿದ್ದರೆ ರೇಡಿಯೋ ಅಂಗಡಿಯಿಂದಲೇ ಕೂಗಿದ: “ಏನಕ್ಕಾ, ಬೀದಿಗೆ ಅಂಗಿ ಹೊಲಿತೀರಾ? ಕುತ್ತಿಗೆ ಸ್ವಲ್ಪ ದೊಡ್ಡದಿಡಿ!” ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯೂ ಹೊರಗೆ ಬಂದು ನಕ್ಕ. ನಗಲಿ ಬಿಡು. ಮೂರು ಟೇಪು ಮತ್ತು ಮೂರು ಅಡಿ, ಅಂದರೆ ಹದಿನೆಂಟು. ಮೂರು ಕಡೆ ಅಳೆದೆ, ಮೂರು ಕಡೆಯೂ ಹದಿನೆಂಟು. ನಕ್ಷೆಯಲ್ಲಿ ಇಪ್ಪತ್ತನಾಲ್ಕು ಎಂದು ಬರೆದಿದ್ದಾರೆ!

ಇದನ್ನು ಹೇಳಲು ನಾನೂ ದೊಡ್ಡ ಟೀಚರೂ ನಗರಸಭೆಗೆ ಹೋದೆವು. ಅಂಗಡಿ ಕಂಪನಿಯ ಎಂಜಿನಿಯರ್ ಅಲ್ಲೇ ಕೂತಿದ್ದಳು. ಚಿಕ್ಕ ವಯಸ್ಸಿನವಳು, ಮರ್ಯಾದಸ್ಥೆ. “ಮೇಡಂ, ಕಾಗದದ ಮೇಲೆ ಎಲ್ಲ ಕಷ್ಟವಾಗೇ ಕಾಣುತ್ತೆ. ಗಾಡಿ ತಿರುಗುತ್ತೆ, ನೀವು ಹೆದರಬೇಡಿ,” ಎಂದಳು. ಏಪ್ರಿಲ್ ಒಂಬತ್ತಕ್ಕೆ ಅಹವಾಲು ಸಭೆ ಇದೆ, ಅಲ್ಲಿ ಬಂದು ಹೇಳಿ ಎಂದು ಗುಮಾಸ್ತರು ಸಾಗಹಾಕಿದರು.

ದಾರಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಕಾಗದದ ಮೇಲೆ ಬೇಡವಾದರೆ ಬಟ್ಟೆಯ ಮೇಲೆ ತೋರಿಸೋಣ ಎಂದುಕೊಂಡೆ. ಬೀದಿಯ ಮನೆಮನೆಯಿಂದ ಹಳೆಯ ಹಾಸಿಗೆ ಹೊದಿಕೆ ಬೇಡಿ ತಂದು, ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲಕ್ಕೆ ಒಂದು ಲಾರಿಯನ್ನೇ ಹೊಲಿದೆ! ಸುತ್ತಲೂ ಅಂಚು ಮಡಚಿ ಹೊಲಿದು ಒಳಗೆ ಬಿದಿರು ತೂರಿಸಿದೆವು. ಹೂವಿನ ಚಿತ್ರದ್ದು ಒಂದು ತುಂಡು, ಗೆರೆಯದ್ದು ಒಂದು. ಅಷ್ಟು ಚಂದದ ಲಾರಿಯನ್ನು ನೀನು ನಿನ್ನ ಜನ್ಮದಲ್ಲಿ ಓಡಿಸಿರಲಾರೆ.

ಭಾನುವಾರ ಹದಿನಾಲ್ಕು ಜನ ಅದನ್ನು ಸುತ್ತಲೂ ಹಿಡಿದು ಹೊರಟೆವು. ಮುಂದುಗಡೆ ರೇಡಿಯೋ ಹಾರ್ನ್ ಮಾಡುತ್ತಾ ನಡೆದ. ಅಂಗಡಿ ಬೇಕೆನ್ನುವ ಅವನ ಹೆಂಡತಿಯೂ ಒಂದು ಮೂಲೆ ಹಿಡಿದಿದ್ದಳು. ಗಲ್ಲಿಯ ತಿರುವಿನಲ್ಲಿ ಮೂತಿ ಒಳಗೆ ಹೋಯಿತು. ಹಿಂಭಾಗ ನೀನು ಬರೆದ ಹಾಗೆಯೇ ಒಳಗೆ ಎಳೆದು ಶಾಲೆಯ ಗೇಟಿಗೆ ಬಡಿದು ನಿಂತಿತು. ಹಿಂದೆ ತಂದೆವು, ಮುಂದೆ ತಂದೆವು. ಐದನೆಯ ಸಲ ಬಿದಿರು ಮುರಿಯಿತು. ಯಾರೂ ನಗಲಿಲ್ಲ. ಗೇಟಿಗೆ ಬಡಿದ ಜಾಗದಲ್ಲಿ ದಿನಾ ಬೆಳಿಗ್ಗೆ ಮಕ್ಕಳು ಸಾಲು ನಿಲ್ಲುತ್ತಾರೆ. ಟೀಚರ್ ಫೋಟೋ ತೆಗೆದುಕೊಂಡಿದ್ದಾರೆ.

ನಾನು ಬಿಡುವವಳಲ್ಲ. ಹಾಗೆಂದು ನಿನಗೆ ಹೇಳಬೇಕಾಗಿಯೂ ಇಲ್ಲ.

ನಿನ್ನ
ಅಕ್ಕ

ಏಪ್ರಿಲ್ ೧೨, ಶನಿವಾರ

ಪ್ರೀತಿಯ ತಮ್ಮನಿಗೆ,

ಸಭೆ ಮುಗಿದು ಮೂರು ದಿನವಾಯಿತು. ಅವತ್ತೇ ಬರೆಯಬೇಕಿತ್ತು. ಮೂರು ಸಲ ಕಾಗದ ತೆಗೆದೆ, ಮೂರು ಸಲವೂ ಮಡಚಿಟ್ಟು ಹೊಲಿಯಲು ಕೂತೆ. ಯಾಕೆಂದು ನಿನಗೇ ತಿಳಿಯುತ್ತದೆ.

ನಗರಸಭೆಯ ಮೇಲಿನ ಕೋಣೆಯಲ್ಲಿ ಮೂವತ್ತು ಕುರ್ಚಿ, ಎಪ್ಪತ್ತು ಜನ. ಭಾವ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಅಧ್ಯಕ್ಷತೆಗೆ ಕೂತ ಅಧಿಕಾರಿಗೆ ಟೀಚರ್ ಫೋಟೋಗಳನ್ನು ಕೊಟ್ಟರು. ಅವರು ನಗು ತಡೆದುಕೊಂಡು, “ಇದೇನು ಸರ್ಕಸ್ ಡೇರೆಯಾ?” ಎಂದರು. ನಾನು ಗಲ್ಲಿಯ ಅಳತೆ ಹೇಳಿದೆ. ಎಂಜಿನಿಯರ್ ಎದ್ದು ಹದಿನೆಂಟು ಅಡಿ ಎಂಬುದನ್ನು ಒಪ್ಪಿಕೊಂಡಳು. ನಕ್ಷೆಯಲ್ಲಿ ತಪ್ಪಾಗಿದೆ ಎಂದಳು. ನಮಗೆಲ್ಲ ಗೆದ್ದೆವು ಅನ್ನಿಸಿತು.

ಆಗ ಅವಳು, “ಆದರೂ ತೊಂದರೆಯಿಲ್ಲ ಸರ್. ಗಾಡಿಗಳು ರಿವರ್ಸಲ್ಲಿ ಬರ್ತವೆ. ನಮ್ಮ ಡ್ರೈವರುಗಳೆಲ್ಲ ಅನುಭವಸ್ಥರು. ಹಿಂದೆ ಒಬ್ಬ ನಿಂತು ಸೀಟಿ ಊದ್ತಾನೆ,” ಎಂದಳು.

ಅಧಿಕಾರಿ ತಲೆಯಾಡಿಸಿ ಬರೆದುಕೊಳ್ಳತೊಡಗಿದರು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಆ ಬರಹಕ್ಕೆ ಮುದ್ರೆ ಬೀಳುತ್ತಿತ್ತು. ನಾನು ಮತ್ತೆ ಎದ್ದು ನಿಂತೆ. ಏನು ಹೇಳಿದೆ ಎಂಬುದನ್ನು ಕೆಳಗೆ ಬರೆಯುತ್ತೇನೆ, ಮೊದಲು ಏನಾಯಿತು ಎಂದು ಹೇಳಿಬಿಡುತ್ತೇನೆ.

ಹಿಂದಿನ ಗೇಟು ರದ್ದಾಯಿತು. ಲಾರಿಗಳು ಮುಖ್ಯರಸ್ತೆಯಿಂದಲೇ ಒಳಗೆ ಹೋಗಿ, ಆವರಣದೊಳಗೇ ತಿರುಗಿ ಹೊರಗೆ ಬರಬೇಕು. ಗಲ್ಲಿಯ ಕಡೆ ಎಂಟು ಅಡಿ ಎತ್ತರದ ಗೋಡೆ ಕಟ್ಟಬೇಕು. ನಕ್ಷೆ ಹೊಸದಾಗಿ ಬರೆದ ಮೇಲೆಯೇ ಅನುಮತಿ. ನಿನ್ನೆ ಆದೇಶದ ಪ್ರತಿ ಕೈಗೆ ಬಂತು.

ಅಂಗಡಿಯಂತೂ ಬರುತ್ತದೆ. “ಅರ್ಧ ಗೆದ್ವಿ, ಅರ್ಧ ಸೋತ್ವಿ,” ಎಂದು ರೇಡಿಯೋ ಒಂದು ದಿನ ಮುಖ ಊದಿಸಿಕೊಂಡಿದ್ದ. ಇವತ್ತು ನೋಡಿದರೆ ತನ್ನ ಅಂಗಡಿಗೆ ಸುಣ್ಣ ಹೊಡೆಸುತ್ತಿದ್ದಾನೆ. ಎಸಿ ಕಟಿಂಗ್ ಶಾಪಿನವರು ನನ್ನಂಥ ಮಾತು ಎಲ್ಲಿಂದ ತರ್ತಾರೆ ಎಂದು ಅವನ ಧೈರ್ಯ. ನನಗೆ ಬೇಕಾದದ್ದು ನನಗೆ ಸಿಕ್ಕಿತು. ಆದರೆ ಆದೇಶ ಕಾಗದ, ಗೋಡೆ ಇಟ್ಟಿಗೆ. ಇಟ್ಟಿಗೆ ಏಳುವ ತನಕ ವಾರಕ್ಕೊಮ್ಮೆ ಟೇಪು ಹಿಡಿದು ಹೋಗಿ ನೋಡಿಬರುತ್ತೇನೆ. ಭಾವ, “ಅವರಿಗೆ ನಿನ್ನ ಕಂಡ್ರೆ ಲಾರಿಗಿಂತ ಹೆಚ್ಚು ಭಯ,” ಎನ್ನುತ್ತಾರೆ.

ನಿನಗೆ ಒಳ್ಳೆಯದಾಗಲಿ. ಕೈಗೆ ಹಿಡಿದ ಕೆಲಸ ಹಗುರವಾಗಲಿ, ಮಲಗಿದರೆ ನಿದ್ದೆ ಬರಲಿ.

ನಿನ್ನ
ಅಕ್ಕ

ಮರೆತು ಕೆಳಗೆ ಬರೆಯುತ್ತಿರುವುದಲ್ಲ ಇದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಭೆಯಲ್ಲಿ ನಾನು ಹೇಳಿದ್ದು ಇಷ್ಟು: “ನನ್ನ ತಮ್ಮನೂ ಅನುಭವಸ್ಥನೇ. ಹದಿನಾರು ವರ್ಷ ಲಾರಿ ಓಡಿಸಿದ, ಒಂದು ಕೋಳಿಗೂ ತಗುಲಿಸಿದವನಲ್ಲ. ಒಂದಿನ ಬೆಳಿಗ್ಗೆ ಬೇರೆ ಊರಲ್ಲಿ ಇಂಥದ್ದೇ ಹಿಂದಿನ ಗೇಟಿಗೆ ರಿವರ್ಸ್ ತಗೊಳ್ತಿದ್ದ. ಹಿಂದೆ ಸೀಟಿ ಊದೋನೂ ಇದ್ದ. ಮಡಚೋ ಕುರ್ಚಿ ಕಂಕುಳಲ್ಲಿ ಇಟ್ಕೊಂಡು ಒಬ್ಬರು ಅಜ್ಜ ಗೋಡೆ ಪಕ್ಕ ಬರ್ತಿದ್ರು. ಸೀಟಿ ‘ಬಾ’ ಅಂತೋ ‘ನಿಲ್ಲು’ ಅಂತೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜ ಉಳೀಲಿಲ್ಲ. ನಿನ್ನದು ತಪ್ಪಿಲ್ಲ ಅಂತ ಕೋರ್ಟು ಹೇಳ್ತು. ಅವನಿನ್ನೂ ತನಗೆ ತಾನು ಹಾಗೆ ಹೇಳ್ಕೊಂಡಿಲ್ಲ.”

ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಅವನಿಗೆ ಬೆನ್ನುನೋವು, ಅದಕ್ಕೇ ಲಾರಿ ಬಿಟ್ಟ ಎಂದು ಆರು ವರ್ಷದಿಂದ ಬೀದಿಗೆಲ್ಲ ಸುಳ್ಳು ಹೇಳಿಕೊಂಡು ಬಂದವಳೂ ನಾನೇ. ನಿನ್ನ ಹೆಸರು ಎತ್ತಲಿಲ್ಲ. ಆದರೆ ನನಗಿರುವವನು ಒಬ್ಬನೇ ತಮ್ಮ ಎಂದು ಯಾರಿಗೆ ಗೊತ್ತಿಲ್ಲ? ನೀನು ನಂಬಿ ಹೇಳಿದ್ದನ್ನು ಎಪ್ಪತ್ತು ಜನರ ಮುಂದೆ ಬಿಚ್ಚಿಟ್ಟೆ. ಶಾಲೆಯ ಮಕ್ಕಳಿಗಾಗಿ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಹೇಳುತ್ತೇನೆ. ಅದೇ ನನ್ನನ್ನು ಹೆಚ್ಚು ಚುಚ್ಚುತ್ತಿರುವುದು.

ಸಭೆಯ ಮಾರನೆಯ ದಿನ ರೇಡಿಯೋ ಅಂಗಡಿಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಾ ಹೇಳಿದ: “ಅಕ್ಕಾ, ತಮ್ಮ ಬಂದ್ರೆ ತಲೆಗೂದಲು ನಾನೇ ಕತ್ತರಿಸ್ತೀನಿ. ಏನೂ ಮಾತಾಡಿಸಲ್ಲ, ಆಣೆ ಮಾಡ್ತೀನಿ.” ಅವನು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದದ್ದನ್ನು ನಾನು ಈ ಇಪ್ಪತ್ತು ವರ್ಷದಲ್ಲಿ ಕೇಳಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಬೈಯಬೇಕು ಅನ್ನಿಸಿದರೆ ಕಾರ್ಡಿನಲ್ಲಿ ಬೈಯಬೇಡ, ಬಂದು ಬೈ.